ರಾಮೇಶ್ವರದಿಂದ ಮುಂದಕ್ಕೆ

ಹುತ್ತೂರು, ಕೋಲಾರ ತಾಲ್ಲೂಕು
ಈಶ್ವರ ಸಂವತ್ಸರದ ಮಾಘ ಮಾಸ, ಬುಧವಾರ
೯-೨-೧೯೩೮

ಮಾಲೂರಿನಲ್ಲಿ ಗಂಡನ ಮನೆ ಬೆಳಗುತ್ತಿರುವ ನನ್ನ ಮುದ್ದಿನ ಮಗಳು ಚಿರಂಜೀವಿ ಸೌಭಾಗ್ಯವತಿ ಶಾಮಲೆಗೆ, ನಿನ್ನ ಅಮ್ಮ ತಲೆ ಸವರಿ ಮಾಡುವ ಆಶೀರ್ವಾದ.

ಇಲ್ಲಿ ನಾನೂ ಕ್ಷೇಮ, ರೇಷ್ಮೆ ಹುಳುವೂ ಕ್ಷೇಮ. ನಿನ್ನೆಯಿಂದ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟುತ್ತಿವೆ. ಈ ಸಲ ಒಂದು ತಟ್ಟೆಯೂ ಕೆಡಲಿಲ್ಲ. ಇನ್ನೊಂದು ವಾರದಲ್ಲಿ ಗೂಡು ಬಿಡಿಸಿ ಕೊಟ್ಟರೆ ನನ್ನ ಕೈ ಖಾಲಿ. ಮುಂದಿನ ಬೆಳೆಗೆ ಮೊಟ್ಟೆ ತರಿಸಿಲ್ಲ. ಯಾಕೆ ಎಂದು ಕೇಳುತ್ತೀಯೆ, ಹೇಳುತ್ತೇನೆ.

ಪಕ್ಕದ ಮನೆಯ ಅಂಜಮ್ಮನೂ ಅವಳ ಗಂಡ ಪೆದ್ದಪ್ಪನೂ ಶಿವರಾತ್ರಿಗೆ ರಾಮೇಶ್ವರಕ್ಕೆ ಹೊರಟಿದ್ದಾರೆ. ಅವರ ಜೊತೆ ನಾನೂ ಹೋಗುತ್ತಿದ್ದೇನೆ. ಸಮುದ್ರಸ್ನಾನ ಮಾಡಿ, ನಿಮ್ಮಪ್ಪನ ಹೆಸರಿನಲ್ಲಿ ಮೂರು ಮುಳುಗು ಹಾಕುತ್ತೇನೆ. ಊರಿನವರೆಲ್ಲ ಪುಣ್ಯವಂತೆ ಎನ್ನುತ್ತಿದ್ದಾರೆ. ಅನ್ನಲಿ, ನಾನೂ ಬೇಡ ಎನ್ನುತ್ತಿಲ್ಲ.

ಇಷ್ಟು ಬರೆದು ಲೇಖನಿ ಕೆಳಗಿಟ್ಟು ಹುಳುಮನೆಗೆ ಹೋಗಿ ಬಂದೆ. ಅಲ್ಲಿ ಮಾಡುವುದೇನೂ ಇರಲಿಲ್ಲ. ಮುಂದಿನ ಮಾತು ಬರೆಯಲು ಧೈರ್ಯ ಬೇಕಾಗಿತ್ತು, ಅಷ್ಟೆ. ಶಾಮಲಾ, ಅಂಜಮ್ಮ ಮತ್ತು ಪೆದ್ದಪ್ಪ ರಾಮೇಶ್ವರದಿಂದ ಹಿಂದಕ್ಕೆ ಬರುತ್ತಾರೆ. ನಾನು ಬರುವುದಿಲ್ಲ. ಅಲ್ಲಿಂದ ಹಡಗು ಹತ್ತಿ ಸಿಂಹಳಕ್ಕೆ ಹೋಗುತ್ತೇನೆ. ರಾಮೇಶ್ವರಕ್ಕೆ ಹೋದರೂ ಶನೇಶ್ವರನ ಕಾಟ ತಪ್ಪಲಿಲ್ಲ ಎನ್ನುತ್ತಾರಲ್ಲ, ಆ ಶನೇಶ್ವರ ನಿನ್ನ ಪಾಲಿಗೆ ಯಾರು ಎಂದು ನನಗೆ ಗೊತ್ತು. ಅಂಜಮ್ಮನ ತಮ್ಮ ಕೋದಂಡರಾಮಪ್ಪನವರು. ಸಿಂಹಳದ ಒಂದು ಟೀ ತೋಟದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿರುವ ಅವರನ್ನು ನೀನು ಇವತ್ತಿಗೂ ‘ಹುಳ ಕೊಂದೋನು’ ಅಂತಲೇ ಕರೆಯುತ್ತೀಯೆ.

ಕೊಂದದ್ದು ನಿಜ. ನಾನು ಅವರ ಪರ ವಕೀಲಿ ಮಾಡುವುದಿಲ್ಲ. ಮೂರು ವರ್ಷದ ಹಿಂದೆ ರಜದ ಮೇಲೆ ಅಕ್ಕನ ಮನೆಗೆ ಬಂದಿದ್ದರು. ಹುಳುಮನೆ ಚೊಕ್ಕಟವಾಗಿರಬೇಕು ಎಂದು ನಾನು ಯಾವಾಗಲೋ ಅಂದದ್ದನ್ನು ಕೇಳಿಸಿಕೊಂಡು, ನಾವು ತಾಯಿ ಮಗಳು ಸೊಪ್ಪಿಗೆ ಹೋಗಿದ್ದಾಗ ಇಡೀ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿಬಿಟ್ಟರು. ಆಸ್ಪತ್ರೆಯವರ ಬುದ್ಧಿ. ಮುಡಿದ ಹೂವಿನ ವಾಸನೆಯನ್ನೇ ತಡೆಯದ ಹುಳು ಫಿನಾಯಿಲ್ ತಡೆದೀತೇ? ಸಂಜೆಗೆ ಸೊಪ್ಪು ಮುಟ್ಟಲಿಲ್ಲ, ಮರುದಿನ ತಟ್ಟೆ ತಟ್ಟೆಯೇ ತಿಪ್ಪೆಗೆ ಹೋಯಿತು. ನಿನ್ನ ಮದುವೆಗೆಂದು ಇಟ್ಟ ಬೆಳೆ ಅದು. ಮದುವೆ ಒಂದು ವರ್ಷ ಹಿಂದಕ್ಕೆ ಬಿತ್ತು. ನೀನು ಅವರನ್ನು ಬೈದದ್ದು ಹೆಚ್ಚಲ್ಲ, ನಾನು ಅದಕ್ಕಿಂತ ಹೆಚ್ಚು ಬೈದಿದ್ದೇನೆ.

ಆದರೆ ಆಮೇಲಿನದು ನಿನಗೆ ಗೊತ್ತಿಲ್ಲ. ನೀನು ಸಿಟ್ಟು ಮಾಡಿಕೊಂಡು ವೇಮಗಲ್ಲಿನ ಚಿಕ್ಕಮ್ಮನ ಮನೆಗೆ ಹೋಗಿ ಕೂತೆ. ಕೋದಂಡರಾಮಪ್ಪನವರು ತಿರುಪತಿಗೆ ಹೊರಟಿದ್ದವರು ಹೋಗಲಿಲ್ಲ. ನಾನು ಬೇರೆ ಮೊಟ್ಟೆ ತಂದು ಮತ್ತೆ ಹುಳು ಇಟ್ಟೆ. ರಜ ಮುಗಿಯುವ ತನಕ, ಇಪ್ಪತ್ತಮೂರು ದಿನ, ದಿನಾ ಬೆಳಗ್ಗೆ ಇಬ್ಬನಿ ಆರುತ್ತಲೇ ಸೊಪ್ಪು ಕೊಯ್ದು ತಂದು ಬಾಗಿಲ ಹೊರಗೆ ಕುಕ್ಕೆ ಇಟ್ಟು ಹೋಗುತ್ತಿದ್ದರು. ನಾನೇ ಒಳಗೆ ಬನ್ನಿ ಎಂದರೂ, “ಬ್ಯಾಡ ಕಣಮ್ಮ, ನನ್ ಮೈಯೆಲ್ಲಾ ಆಸ್ಪತ್ರೆ ವಾಸ್ನೆ” ಎಂದು ಜಗುಲಿಯಿಂದ ಈಚೆಗೆ ಕಾಲಿಡಲಿಲ್ಲ. ಅವರು ಊರು ಬಿಟ್ಟ ಮರುದಿನ ಬಾಗಿಲು ತೆಗೆದೆ, ಕುಕ್ಕೆ ಇರಲಿಲ್ಲ. ನನಗೆ ಅಳು ಬಂತು. ಸೊಪ್ಪು ಇಲ್ಲವಲ್ಲ ಅಂತ ಅತ್ತೆ ಎಂದು ನನಗೆ ನಾನೇ ಹೇಳಿಕೊಂಡೆ.

ತಿಂಗಳಾದ ಮೇಲೆ ಕಾಗದ ಬಂತು, ಗೂಡು ಹೇಗೆ ಬಂತು ಎಂದು ವಿಚಾರಿಸಿ. ಚೆನ್ನಾಗಿ ಬಂತು ಎಂದು ಬರೆದೆ. ಅಲ್ಲಿಗೆ ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ. ಅವರ ಹೆಂಡತಿ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ಅಲ್ಲಿನ ಮಂಜು, ತೋಟದ ಕೂಲಿಗಳ ಕೆಮ್ಮು, ರಾಗಿ ಸಿಗದ ಸಂಕಟ ಎಲ್ಲವನ್ನೂ ಬರೆಯುತ್ತಾರೆ. ನಾನು ಹುಳುವಿನ ವಿಷಯ, ನಿನ್ನ ವಿಷಯ ಬರೆಯುತ್ತೇನೆ. ನಿಮ್ಮಪ್ಪ ಮದುವೆಯಾದ ಹೊಸದರಲ್ಲಿ ಕೂರಿಸಿಕೊಂಡು ಕಲಿಸಿದ ಅಕ್ಷರ ಹೀಗೆ ಉಪಯೋಗಕ್ಕೆ ಬಂತು. ಅದಕ್ಕೆ ಅವರು ಬೇಸರಪಡುವವರಲ್ಲ ಎಂದು ನಂಬಿದ್ದೇನೆ.

ಮುಚ್ಚಿಡುವುದೆಲ್ಲ ಊರಿನವರಿಂದ. ಅಂಜಮ್ಮನಿಂದ ಆಗಲಿಲ್ಲ. ಹೋದ ದೀಪಾವಳಿಯಲ್ಲಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏಮೇ ರತ್ನೀ, ನನ್ ತಮ್ಮ ನಂಗೆ ವರ್ಸಕ್ಕೊಂದು ಕಾಗ್ದ ಹಾಕ್ತಾನೆ, ನಿಂಗೆ ತಿಂಗ್ಳಿಗ್ ಎರಡು. ಅಂಚೆಯೋನ್ಗೆ ಗೊತ್ತು, ನಂಗ್ ಗೊತ್ತಾಗಲ್ವೇನೆ?” ಎಂದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಳಿಯ ಬಂದ ಮೇಲೆ! ಅವಳೋ ನಕ್ಕು, ಒಲೆಯ ಮೇಲಿದ್ದ ನನ್ನ ಸಾರನ್ನು ತಾನೇ ಇಳಿಸಿ ಹೋದಳು.

ಅವರು ಕರೆದಿದ್ದಾರೆ, ಅದಕ್ಕೇ ಹೋಗುತ್ತಿದ್ದೇನೆ. ಇಲ್ಲ, ಇದು ಪೂರ್ತಿ ನಿಜವಲ್ಲ, ನಿನ್ನ ಹತ್ತಿರ ಏಕೆ ಸುಳ್ಳು? “ಒಂದು ಸಲ ಬಂದು ನೋಡಲೇ” ಎಂದು ಬರೆದವಳು ನಾನೇ. ಉತ್ತರ ಬರಲು ಹದಿನೇಳು ದಿನ ಹಿಡಿಯಿತು. ಅಷ್ಟರಲ್ಲಿ ಎರಡು ಸಲ ಅನ್ನ ಹೊತ್ತಿಸಿದೆ. ಬಂದ ಉತ್ತರದಲ್ಲಿ ಹಡಗಿನ ವೇಳೆ ಇತ್ತು, ಚಳಿಗೆ ದಪ್ಪ ಕಂಬಳಿ ತರಬೇಕು, ಹಡಗಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸಬೇಕು ಎಂದಿತ್ತು. ಬಾ ಎಂಬ ಮಾತು ಎಲ್ಲೂ ಇಲ್ಲ! ಕಾಂಪೌಂಡರ್ ಅಲ್ಲವೇ, ಔಷಧಿ ತೆಗೆದುಕೊಳ್ಳುವ ಕ್ರಮ ಮಾತ್ರ ಬರೆಯುತ್ತಾರೆ. ಕಾಗದದ ಕೊನೆಗೆ ನನ್ನದೊಂದು ಫೋಟೋ ಕೇಳಿದ್ದರು. ಕೋಲಾರಕ್ಕೆ ಹೋಗಿ ತೆಗೆಸಿದೆ. ಫೋಟೋದವನು ಉಸಿರು ಹಿಡಿ ಎಂದ, ಹಿಡಿದೆ. ಅಮಲ್ದಾರರ ಮುಂದೆ ನಿಂತ ಸಾಕ್ಷಿಯ ಹಾಗೆ ಬಂದಿದ್ದೇನೆ. ಆದರೂ ಕಳಿಸಿದೆ.

ದಾರಿ ಎಲ್ಲ ಬಾಯಿಪಾಠವಾಗಿದೆ. ರಾಮೇಶ್ವರ ಮುಗಿಸಿ ಮಂಡಪ ಎಂಬ ಊರಿಗೆ ಬರಬೇಕು. ಅಲ್ಲಿ ಸಿಂಹಳಕ್ಕೆ ಹೋಗುವವರನ್ನು ಕ್ಯಾಂಪಿನಲ್ಲಿ ಐದಾರು ದಿನ ಬೇರೆ ಇಟ್ಟು, ಸೂಜಿ ಹಾಕಿ, ರೋಗವಿಲ್ಲ ಎಂದು ಕಂಡ ಮೇಲೆ ಬಿಡುತ್ತಾರಂತೆ. ಹುಳುಮನೆಗೆ ಹೊರಗಿನವರನ್ನು ಬಿಡದೆ ಇಷ್ಟು ವರ್ಷ ಜನರನ್ನು ಬಾಗಿಲಲ್ಲಿ ನಿಲ್ಲಿಸಿದವಳು ನಾನು, ಈಗ ನನ್ನ ಸರದಿ. ಆಮೇಲೆ ಧನುಷ್ಕೋಟಿ, ಅಲ್ಲಿಂದ ಎರಡು ಮೂರು ಗಂಟೆ ಹಡಗು. ಆಚೆ ದಡದಲ್ಲಿ ಅವರು ನಿಂತಿರುತ್ತಾರೆ. ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಒಣ ಅವರೆಕಾಳು ಕಟ್ಟಿಟ್ಟಿದ್ದೇನೆ. ತೋಟದ ಹೆಡ್ ಕ್ಲಾರ್ಕರ ಮನೆಯಲ್ಲಿ, ಅವರ ತಾಯಿಯ ಜೊತೆ ನಾನು ಇಳಿದುಕೊಳ್ಳುವ ಏರ್ಪಾಡು. ಅಷ್ಟು ಮರ್ಯಾದೆ ಇಬ್ಬರಿಗೂ ತಿಳಿದಿದೆ. ಒಂದು ತಿಂಗಳು ಇದ್ದು ನೋಡುತ್ತೇನೆ. ಕಾಗದದಲ್ಲಿರುವ ಮನುಷ್ಯ ಮನೆಯಲ್ಲೂ ಹಾಗೆಯೇ ಇದ್ದರೆ, ಶ್ರಾವಣದಲ್ಲಿ ಇಲ್ಲಿಗೇ ಬಂದು ಹತ್ತು ಜನರ ಮುಂದೆ ಕೂಡಿಕೆ.

ಗಂಡ ಸತ್ತವಳು ಮತ್ತೆ ಕೂಡಿಕೆಯಾಗುವುದು ನಮ್ಮವರಲ್ಲಿ ಹೊಸದಲ್ಲ. ಕೂಡಿಕೆಯಾದವಳು ಶುಭಕಾರ್ಯದಲ್ಲಿ ಆರತಿ ಎತ್ತುವಂತಿಲ್ಲ ಎನ್ನುತ್ತಾರೆ. ವಿಧವೆಯೂ ಎತ್ತುವಂತಿಲ್ಲವಲ್ಲ, ನನಗೆ ಹೋಗುವುದೇನು? ಕೂಡಿಕೆಯಾದರೆ ನಿಮ್ಮಪ್ಪನ ತೋಟದ ಮೇಲೆ ನನಗೆ ಹಕ್ಕಿಲ್ಲ, ಅದು ನಿನ್ನದಾಗುತ್ತದೆ, ಅದೂ ಸಂತೋಷವೇ. ನನಗೆ ಭಯವಿರುವುದು ಒಂದೇ. ನಿನ್ನ ಅತ್ತೆ ದೊಡ್ಡಗಂಗಮ್ಮನವರು ಹಳೆಯ ಕಾಲದವರು, ನಿನ್ನನ್ನು ಚುಚ್ಚಿಯಾರು. ಅದಕ್ಕಿಂತ ಹೆಚ್ಚಾಗಿ, ನೀನೇ ನನ್ನ ಮುಖ ನೋಡದೆ ಹೋದೀಯೆ ಎಂದು. ನಿನಗೆ ಎಂಟು ವರ್ಷವಿದ್ದಾಗ ನಿಮ್ಮಪ್ಪ ಹೋದರು. ಅಂದಿನಿಂದ ನಾವಿಬ್ಬರೇ ಒಂದೇ ಚಾಪೆಯಲ್ಲಿ ಮಲಗಿದವರು. ನಿನ್ನ ಮನಸ್ಸು ನೋಯಿಸಿ ಸುಖಪಡುವುದು ನನಗೆ ಬರುವುದಿಲ್ಲ.

ಬೌರಿಂಗ್‌ಪೇಟೆಯಿಂದ ನೇರವಾಗಿ ದಕ್ಷಿಣದ ಗಾಡಿ ಹಿಡಿಯಬಹುದಾಗಿತ್ತು. ನಿನ್ನನ್ನು ನೋಡಲೆಂದೇ ಹಿಂದಕ್ಕೆ ಮಾಲೂರಿಗೆ ಬರುತ್ತೇನೆ. ಬರುವ ಶನಿವಾರವಲ್ಲ, ಅದರ ಮುಂದಿನ ಶನಿವಾರ ಮಧ್ಯಾಹ್ನದ ಗಾಡಿಗೆ. ಎದುರಿಗೆ ನಿಂತು ಇದನ್ನೆಲ್ಲ ಹೇಳಲು ಬಾಯಿ ಬರದು ಎಂದೇ ಕಾಗದ ಬರೆದೆ. ನಾನು ಬರುವಷ್ಟರಲ್ಲಿ ಅಳುವುದನ್ನೂ ಬೈಯುವುದನ್ನೂ ಮುಗಿಸಿಕೊಂಡಿರು. ನೀನು ಬೇಡ ಎಂದರೆ ರಾಮೇಶ್ವರದಲ್ಲಿ ಸ್ನಾನ ಮಾಡಿ ಅಂಜಮ್ಮನ ಜೊತೆಗೇ ಹಿಂದಿರುಗುತ್ತೇನೆ. ಇನ್ನು ಆ ಮಾತು ಎತ್ತುವುದಿಲ್ಲ.

ಅಳಿಯಂದಿರಿಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು.

ಎಲ್ಲಿದ್ದರೂ ನಿನ್ನವಳೇ ಆದ
ನಿನ್ನ ಅಮ್ಮ
ವೆಂಕಟರತ್ನಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಎಲ್ಲವನ್ನೂ ಇನ್ನೊಮ್ಮೆ ಓದಿದೆ. ಬೇಡ ಎಂದರೆ ಹಿಂದಿರುಗುತ್ತೇನೆ ಎಂದು ಬರೆದಿದ್ದೇನಲ್ಲ, ಅದನ್ನು ನಂಬಬೇಡ. ನೀನು ಬೇಡ ಎಂದರೂ ಹೋಗುತ್ತೇನೆ ಶಾಮಲಾ. ದಾರಿಯುದ್ದಕ್ಕೂ ಅಳುತ್ತಾ ಹೋಗುತ್ತೇನೆ. ಹೋಗಿ ಬಾಮ್ಮ ಎಂದು ನೀನು ಒಂದು ಮಾತು ಅಂದರೆ ಅಳದೆ ಹೋಗುತ್ತೇನೆ. ನಿನ್ನನ್ನು ಕೇಳುತ್ತಿರುವುದು ಅಷ್ಟನ್ನೇ.