ಲೆಕ್ಕಕ್ಕೆ ಬಾರದ ಪದವಿ

ಅಕ್ಕಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇದನ್ನು ನೀನು ಓದುವುದಿಲ್ಲವೆಂದು ಗೊತ್ತು. ಆದರೂ ಇವತ್ತು ಆಫೀಸಿನಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ವಿಶ್ವವಿದ್ಯಾಲಯದ ವಾರ್ಷಿಕ ವರದಿ ಮತ್ತೆ ನನ್ನ ತಲೆಗೇ ಬಂದಿದೆ. ಸೇರಿದವರಲ್ಲಿ ಎಷ್ಟು ಮಂದಿ ಆರು ವರ್ಷದೊಳಗೆ ಪದವಿ ಮುಗಿಸಿದರು ಎಂಬುದೇ ಸರ್ಕಾರಕ್ಕೆ ನಾವು ತೋರಿಸುವ ಯಶಸ್ಸು. ಆ ಪಟ್ಟಿ ಮಾಡಿ ಮಾಡಿ ಸಾಕಾಗಿ ಹೋಗಿದೆ.

ಮಧ್ಯಾಹ್ನ ಒಬ್ಬ ನರ್ಸ್ ಪದವಿ ಪ್ರಮಾಣಪತ್ರ ಒಯ್ಯಲು ಬಂದಿದ್ದಳು. ಮೂರು ಸಲ ಓದು ಬಿಟ್ಟು, ಮೂರು ಸಲ ಮರಳಿ ಸೇರಿ, ಹನ್ನೊಂದನೇ ವರ್ಷಕ್ಕೆ ಪಾಸಾದವಳು. ನನ್ನ ಮೇಜಿನ ಮೇಲಿದ್ದ ಪಟ್ಟಿಯಲ್ಲಿ ಅವಳ ಹೆಸರು ಅವಳ ಕಣ್ಣಿಗೇ ಬಿತ್ತು.

“ಮೇಡಂ, ನಾನು ಪಾಸಾಗಿದೀನಿ, ಇಲ್ಲಿ ‘ಓದು ಬಿಟ್ಟವರು’ ಅಂತ ಹಾಕಿದೀರಲ್ಲ?”

“ಆರು ವರ್ಷ ದಾಟಿದ್ರೆ ಹಾಗೇ ಬರೀಬೇಕಮ್ಮ. ಬರೀ ವರದಿಗೆ ಅಷ್ಟೆ.”

“ಬಿಟ್ಟಿದ್ದು ನಿಜ. ವಾಪಸ್ ಬಂದಿದ್ದಕ್ಕೆ ಒಂದು ಕಾಲಂ ಇಲ್ವಾ?”

ನಗುತ್ತಲೇ ಕೇಳಿದಳು. ನಾನು ಪ್ರಮಾಣಪತ್ರ ಅವಳ ಕೈಗಿತ್ತೆ. ಅವಳು ಹೋದ ಮೇಲೆ ಅವಳ ಕಡತ ತೆರೆದೆ. ಮರಳಿ ಸೇರಿಸಿಕೊಳ್ಳಲು ಕೊಟ್ಟ ವಿಶೇಷ ಅನುಮತಿಗಳು ಮೂರೂ ಅದರಲ್ಲಿದ್ದವು.

ಅಮ್ಮ ಹಾಸಿಗೆ ಹಿಡಿದಾಗ, ನನ್ನ ಓದು ನಿಲ್ಲದಿರಲೆಂದು ನೀನು ಕೊನೆಯ ವರ್ಷದಲ್ಲಿ ಕಾಲೇಜು ಬಿಟ್ಟೆ. ಎಷ್ಟೋ ವರ್ಷದ ನಂತರ ನೀನು ಇದೇ ಮೇಜಿನ ಮುಂದೆ ನಿಂತು, “ಆ ಒಂದು ವರ್ಷ ಈಗ ಮುಗಿಸ್ಬಹುದೇನೇ?” ಎಂದು ಕೇಳಿದ್ದೆ. ನಾನು ತಲೆ ಎತ್ತದೆ, “ಅವಧಿ ಮುಗಿದಿದೆ ಅಕ್ಕ, ಆಗಲ್ಲ” ಅಂದಿದ್ದೆ.

“ಹೋಗ್ಲಿ ಬಿಡು, ಸುಮ್ನೆ ಕೇಳ್ದೆ. ಊಟ ಆಯ್ತಾ?” ಎಂದೆ ನೀನು.

ನಿನಗೂ ಆ ವಿಶೇಷ ಅನುಮತಿಗೆ ಒಂದು ಪುಟದ ಅರ್ಜಿ ಸಾಕಿತ್ತು. ಅದು ನನಗೆ ಆಗಲೂ ಗೊತ್ತಿತ್ತು.