ಅರ್ಜಿಯಲ್ಲಿ ಬರೆದ ಕಾಯಿಲೆ

ಅಪ್ಪಾ,

ನೀವು ಹೋದಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದವಿದು. ಇವತ್ತು ತಮ್ಮ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿದ. ಯಾರೂ ಎಳೆದುಕೊಂಡು ಹೋಗಲಿಲ್ಲ, ತಾನಾಗಿಯೇ ಹೋದ. ಕಾರ್ಖಾನೆಯ ಆರೋಗ್ಯವಿಮೆಯಲ್ಲಿ ಈ ಚಿಕಿತ್ಸೆಗೂ ಹಣ ಸಿಗುತ್ತದೆಂದು ವಿಮೆಯ ಪುಸ್ತಕವನ್ನು ಸಾಲುಸಾಲಾಗಿ ಓದಿ ಕಂಡುಹಿಡಿದವನೂ ಅವನೇ.

ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಅರ್ಜಿ ತುಂಬುವಾಗ, ಕಾಯಿಲೆ ಏನೆಂದು ಬರೆಯುವ ಜಾಗ ಬಂತು. ಅವನೀಗ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ; ವಿಷಯ ಅಲ್ಲಿಗೆ ತಿಳಿದರೆ ಅವನನ್ನು ಕ್ರೇನಿನಿಂದ ಇಳಿಸಿಯಾರು.

"ಹೊಟ್ಟೆನೋವು ಅಂತ ಬರೆದುಬಿಡೋ," ಎಂದೆ ಮೆಲ್ಲಗೆ. ನಿಮ್ಮನ್ನು ಸೇರಿಸಿದ ಮೂರು ಸಲವೂ ನಾನು ಬರೆದದ್ದು ಅದನ್ನೇ ಅಲ್ಲವೇ.

"ಹೊಟ್ಟೆನೋವು ಅಂತ ಬರೆದ್ರೆ ಹೊಟ್ಟೆನೋವಿಗೇ ಮದ್ದು ಕೊಡ್ತಾರೆ ಅಕ್ಕಾ," ಎಂದು ನಕ್ಕ. ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಮಣಿಕಟ್ಟು ಒತ್ತಿಹಿಡಿದು, 'ಕುಡಿತದ ಚಟ' ಎಂದು ದಪ್ಪ ಅಕ್ಷರದಲ್ಲಿ ಬರೆದ. ನಾನು ಎತ್ತಿ ಆಡಿಸಿದ ಹುಡುಗ, ಅಪ್ಪಾ. ಅವನಷ್ಟು ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ವಿಮೆಯವರ ಒಪ್ಪಿಗೆ ಬಂತು. ಕ್ರೇನಿನ ಗತಿಯೇನು ಎಂದು ಕೇಳಿದೆ. "ಅದು ಆಮೇಲೆ. ಮೊದಲು ನೆಲದ ಮೇಲೆ ನೆಟ್ಟಗೆ ನಿಲ್ತೀನಿ," ಎಂದ.

ಒಳಗೆ ಕರೆದುಕೊಳ್ಳುವ ಮುಂಚೆ ನರ್ಸ್ ಕೇಳಿದರು: "ಮನೇಲಿ ಬೇರೆ ಯಾರಿಗಾದ್ರೂ ಈ ಚಟ ಇತ್ತಾ?"

ತಮ್ಮ ನನ್ನ ಮುಖ ನೋಡಿದ.

"ನಮ್ಮಪ್ಪನಿಗೆ," ಎಂದೆ. "ಅದರಿಂದಲೇ ಹೋದ್ರು."

ಇಷ್ಟು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು, ಅಪ್ಪಾ.