ಕೆಂಪು ದಾರ ಕಟ್ಟಿದ ಪೊಟ್ಟಣ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊಣಕಾಲು ನೋವು ಈಗ ಹೇಗಿದೆ? ಮಗಳ ಮನೆಯ ಮೂರು ಮಹಡಿ ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಏನು ಬೇಕಾದರೂ ಅಳಿಯಂದಿರಿಗೆ ಹೇಳು, ಅವರ ಕಾಲು ಇನ್ನೂ ಗಟ್ಟಿಯಾಗಿದೆ. ನಾನು ಆರಾಮ. ನಿನ್ನ ಅತ್ತಿಗೆಯೂ ಆರಾಮ. ಸೂಜಿಗೆ ದಾರ ಪೋಣಿಸಲು ಈಗ ನನಗೆ ಅವಳೇ ಬೇಕು, ಅದಕ್ಕೆ ಅವಳ ಜಂಬ ಹೇಳತೀರದು.

ನೀನು ಒಪ್ಪಿಸಿದ ಕೆಲಸಕ್ಕೆ ಎರಡು ವಾರದ ಹಿಂದೆ ಹೋಗಿದ್ದೆ. ನಿವೃತ್ತಿಯಾದ ದಿನ ನನ್ನ ಕೈಗೆ ಬೀಗದಕೈ ಹಾಕಿ, ‘ಆ ಗೋಧಿ ಸತ್ತೋಯ್ತು ಅಣ್ಣಾ, ನನ್ನ ಮೂವತ್ತು ವರ್ಷಾನೂ ಅದರ ಜೊತೆಗೇ ಹೋಯ್ತು, ಎಲ್ಲಾ ಕಸಕ್ಕೆ ಹಾಕಿಬಿಡು’ ಎಂದು ಹೊರಟೆಯಲ್ಲ. ಸಂಶೋಧನಾ ಕೇಂದ್ರದವರು ಮಾರ್ಚ್ ಕೊನೆಯೊಳಗೆ ಕೋಣೆ ಖಾಲಿ ಮಾಡಿ ಎಂದು ಕಾಗದ ಹಾಕಿದ್ದರು. ಕೋಪ ಮಾಡಿಕೊಳ್ಳಬೇಡ, ಒಳಗೊಳಗೇ ನನಗೂ ಸಮಾಧಾನವಾಗಿತ್ತು. ಹುಲ್ಲುಕಡ್ಡಿ ಎಣಿಸಿ ಎಣಿಸಿ ಕಣ್ಣು ಹಾಳುಮಾಡಿಕೊಂಡಳು ಎಂದು ಗಿರಾಕಿಗಳ ಮುಂದೆ ನಿನ್ನನ್ನು ಎಷ್ಟು ಸಲ ಆಡಿಕೊಂಡಿದ್ದೇನೋ.

ನಿನ್ನ ಕೋಣೆಗೆ ಹೋಗಲು ಗಾಜಿನ ಮನೆ ದಾಟಬೇಕಲ್ಲ. ಅಲ್ಲಿ ಸಾಲುಸಾಲು ಕುಂಡಗಳು, ಒಣಗಿ ಸತ್ತ ಸಸಿಗಳಿಗೆಲ್ಲ ಕೆಂಪು ದಾರ. ನಿಂತೇಬಿಟ್ಟೆ. ಓದುವ ಕಾಲದಲ್ಲಿ ನೀನು ನನ್ನ ಅಂಗಡಿಯಿಂದ ಎಗರಿಸುತ್ತಿದ್ದೆಯಲ್ಲ, ಅದೇ ದಾರ! ಅದರ ದೆಸೆಯಿಂದ ಒಂದು ಕೆಂಪು ಕೋಟು ಅರ್ಧಕ್ಕೇ ನಿಂತು ನಾನು ಬೈಸಿಕೊಂಡಿದ್ದೆ. ನಿನ್ನ ಹಳೆಯ ವಿದ್ಯಾರ್ಥಿನಿ, ಈಗಿನ ವಿಭಾಗದ ಮುಖ್ಯಸ್ಥೆ, ಅಲ್ಲೇ ಇದ್ದಳು. ಸತ್ತ ಗಿಡವನ್ನು ಎಸೆಯಬಾರದು, ದಾರ ಕಟ್ಟಬೇಕು, ನಾವೇನು ಮಾಡಿದೆವು ಎಂದು ಬರೆಯಬೇಕು, ವರ್ಷ ಬಿಟ್ಟು ಬೇರೆ ರೀತಿ ಬಿತ್ತಬೇಕು. ಇದು ನೀನು ಕಲಿಸಿದ ಕ್ರಮವಂತೆ. ಆಮೇಲೆ ಅವಳು ಹೇಳಿದ ಮಾತು ಕೇಳು: ‘ಇಲ್ಲಿಂದ ಎಲ್ಲಿಗೆ ಹೋದರೂ ನಾವು ದಾರ ತಗೊಂಡೇ ಹೋಗ್ತೀವಿ. ಈಗ ಹನ್ನೊಂದು ದೇಶದಲ್ಲಿ ಕಟ್ತಾರೆ. ಅರ್ಧ ಜನಕ್ಕೆ ಇದನ್ನ ಶುರು ಮಾಡಿದ್ದು ಯಾರು ಅಂತಾನೂ ಗೊತ್ತಿಲ್ಲ.’ ಎಲ್ಲಿಯ ನನ್ನ ಮುರುಕು ಅಂಗಡಿ, ಎಲ್ಲಿಯ ಹನ್ನೊಂದು ದೇಶ!

ಕೋಣೆಯಲ್ಲಿ ನಿನ್ನ ಪುಸ್ತಕಗಳನ್ನು ತಿರುವಿದೆ. ಪುಟಪುಟಕ್ಕೂ ‘ನನ್ನ ತಪ್ಪು’ ಎಂದು ಬರೆದಿದ್ದೀಯ. ನೀರು ಹೆಚ್ಚಾಯಿತು, ನನ್ನ ತಪ್ಪು. ಆಳಕ್ಕೆ ಬಿತ್ತಿದೆ, ನನ್ನ ತಪ್ಪು. ಕೋಟು ಕೆಟ್ಟರೆ ನಾನು ಬಟ್ಟೆಯನ್ನೇ ಬೈಯುವವನು, ನಾಚಿಕೆಯಾಯಿತು. ನಿನ್ನ ಕಾಡುಗೋಧಿಯ ಕೊನೆಯ ಪೊಟ್ಟಣವೂ ಸಿಕ್ಕಿತು, ಅದಕ್ಕೂ ಕೆಂಪು ದಾರ. ತುಕ್ಕುರೋಗಕ್ಕೆ ಜಗ್ಗದ ಆ ಗೋಧಿ ಬೆಳೆಯುತ್ತಿದ್ದ ಗುಡ್ಡವನ್ನೇ ರಸ್ತೆಗೆಂದು ಕಡಿದರಲ್ಲ, ಉಳಿದದ್ದು ಅಷ್ಟೇ. ಮೇಲೆ ‘ಸತ್ತಿದೆ’ ಎಂದಿತ್ತು. ಬೇರೆ ಪೊಟ್ಟಣಗಳ ಮೇಲೆಲ್ಲ ಮತ್ತೆ ಬಿತ್ತುವ ತಾರೀಖು ಇತ್ತು, ಇದರ ಮೇಲೆ ಮಾತ್ರ ಇರಲಿಲ್ಲ. ನಿನ್ನ ಕ್ರಮವನ್ನು ನೀನೇ ಮುರಿದಿದ್ದೆ.

ಈಗ ನನ್ನ ತಪ್ಪು ಬರೆಯುತ್ತೇನೆ. ಎತ್ತುವಾಗ ಪೊಟ್ಟಣ ಹರಿದು ಬೀಜ ನೆಲದ ಪಾಲಾಯಿತು. ಧೂಳು ಒರೆಸಲು ಒಯ್ದಿದ್ದ ಇಸ್ತ್ರಿಯ ಒದ್ದೆ ಬಟ್ಟೆಯಲ್ಲೇ ಗುಡಿಸಿ ಗಂಟು ಕಟ್ಟಿದೆ, ಹರಿದ ಕಾಗದವನ್ನೂ ದಾರವನ್ನೂ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲು ಧೈರ್ಯ ಬರಲಿಲ್ಲ. ಗಂಟನ್ನು ಇಸ್ತ್ರಿ ಮೇಜಿನ ಕೆಳಗೆ ತುರುಕಿ, ಎರಡು ವಾರ ಅದರ ಮೇಲೇ ಪ್ಯಾಂಟು ಇಸ್ತ್ರಿ ಮಾಡಿದ್ದೇನೆ, ನೀರು ಚಿಮುಕಿಸುತ್ತಾ. ನಿನ್ನ ಕೊನೆಯ ಬೀಜವನ್ನೂ ಕೊಳೆಸಿದ ಪಾಪಿ ನಾನು. ಕ್ಷಮಿಸು.

ನಿನ್ನ ಕಾಲಿಗೆ ಬಲ ಬರಲಿ, ಮೊಮ್ಮಗುವಿಗೆ ಈ ಅಜ್ಜನ ಮುತ್ತು.

ನಿನ್ನ ಅಣ್ಣ

ತಾ.ಕ.: ಕಾಗದ ಮಡಿಸುತ್ತಿದ್ದಾಗ ನಿನ್ನ ಅತ್ತಿಗೆ ಕೂಗಿದಳು. ಗಂಟು ಬಿಚ್ಚಿದ್ದಾಳೆ. ಏಳು ಮೊಳಕೆ ಪುಟ್ಟಿ, ಏಳು! ಫೋನು ಮಾಡಿದ ಅರ್ಧ ಗಂಟೆಗೆ ಮುಖ್ಯಸ್ಥೆ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿಬಂದಳು. ಬೀಜ ಮೊಳೆಸುವ ನಿನ್ನ ಪೆಟ್ಟಿಗೆಯಲ್ಲಿ ಹಗಲೂ ರಾತ್ರಿ ಒಂದೇ ಕಾವು. ಇಲ್ಲಿ ಹಗಲು ಇಸ್ತ್ರಿಯ ಬಿಸಿ, ರಾತ್ರಿ ಚಳಿ, ಆ ಗುಡ್ಡದ ಹಾಗೇ. ಅದಕ್ಕೇ ಎದ್ದಿರಬೇಕು ಎಂದು ಹೇಳುತ್ತಾ ಅಳುತ್ತಿದ್ದಾಳೆ. ಕೋಣೆ ಖಾಲಿ ಮಾಡಿಸುವುದಿಲ್ಲವಂತೆ. ನಾನು ಮಾಡಿದ್ದನ್ನೆಲ್ಲ, ಜೊತೆಗೆ ತಂದಿದ್ದ ನಿನ್ನ ಪುಸ್ತಕದಲ್ಲಿ ಬರೆಯಲು ಹೇಳಿದಳು, ಬರೆದೆ. ಪೊಟ್ಟಣದ ಮೇಲಿನ ‘ಸತ್ತಿದೆ’ ಎಂಬುದನ್ನು ಮಾತ್ರ ಹೊಡೆದುಹಾಕಿಲ್ಲ. ಅದು ನಿನ್ನ ಕೆಲಸ, ಬೇಗ ಬಾ.